ಹನ್ನೆರಡು ಪೊಟ್ಟಣ ಸೂಜಿ

ನಮ್ಮ ಮನೆಯ ಕಪಾಟಿನಲ್ಲಿ ಸದ್ಯಕ್ಕೆ ಹನ್ನೆರಡು ಪೊಟ್ಟಣ ಸೂಜಿಗಳಿವೆ. ಮನೆಯಲ್ಲಿರುವವರು ಇಬ್ಬರೇ. ನನ್ನ ಅಂಗಿಯ ಗುಂಡಿ ಕಿತ್ತುಹೋದರೆ ಕೆಳಗಿನ ದರ್ಜಿ ಹಾಕಿಕೊಡುತ್ತಾನೆ. ನನ್ನ ಹೆಂಡತಿ ವತ್ಸಲಾ ಸೂಜಿಗೆ ದಾರ ಪೋಣಿಸಿದ್ದನ್ನು ನಾನು ಇತ್ತೀಚೆಗಂತೂ ನೋಡಿಲ್ಲ. ಸೂಜಿಗಳ ಪಕ್ಕದಲ್ಲೇ ಐದು ಡಬ್ಬಿ ಬೂಟ್ ಪಾಲಿಶ್ ಕೂತಿವೆ. ನಾನು ಬೂಟು ಬಿಟ್ಟು ಚಪ್ಪಲಿಗೆ ಇಳಿದು ನಾಲ್ಕು ತಿಂಗಳಾಯಿತು. ಯಾರಾದರೂ ನೆಂಟರು ಆ ಕಪಾಟು ತೆಗೆದು ನೋಡಿದರೆ, ಪಾಪ, ಪಿಂಚಣಿ ಸಾಲದೆ ಅಂಗಡಿ ಇಡುವ ಯೋಚನೆಯಲ್ಲಿದ್ದಾರೆ ಅಂದುಕೊಂಡಾರು.

ಹನ್ನೊಂದು ಪೊಟ್ಟಣ ನಾನು ಮರೆತದ್ದರಿಂದ ಬಂದವು. ಹನ್ನೆರಡನೆಯದು ನೆನಪಿಟ್ಟು ಮರೆತದ್ದು. ಅದನ್ನು ಹೇಳಲಿಕ್ಕೇ ಕೂತಿದ್ದೇನೆ. ಆದರೆ ನೆಟ್ಟಗೆ ವಿಷಯಕ್ಕೆ ಬರುವ ಅಭ್ಯಾಸ ನನಗಿಲ್ಲವೆಂದು ನಮ್ಮ ಮನೆಯಲ್ಲೇ ದೂರು ಇರುವುದರಿಂದ ನೀವೂ ಸ್ವಲ್ಪ ಸೈರಿಸಿಕೊಳ್ಳಬೇಕು.

ನಾನು ವಿಮೆಯ ಕಚೇರಿಯಲ್ಲಿ ಇದ್ದವನು. ಧಾರವಾಡದಿಂದ ವರ್ಗವಾಗಿ ಅಹಮದಾಬಾದಿಗೆ ಬಂದೆ. ಅಲ್ಲಿಂದ ಸೂರತ್, ಸೂರತ್ತಿನಿಂದ ವಡೋದರಾ, ಕೊನೆಗೆ ವಡೋದರಾದಲ್ಲೇ ನಿವೃತ್ತಿ. ಎಲ್ಲಿ ಬೆಂಕಿ ಬಿದ್ದಿತೋ, ಎಲ್ಲಿ ನೀರು ನುಗ್ಗಿತೋ ಅಲ್ಲಿಗೆ ಹೋಗಿ ಏನೇನು ಹಾಳಾಗಿದೆ ಎಂದು ನೋಡಿ ಬರುವುದು ನನ್ನ ಕೆಲಸ. ವಟ್ವಾದ ಬಣ್ಣದ ಗೋದಾಮು, ನರೋಡಾದ ಪೀಪಾಯಿಗಳು, ಪಾಂಡೇಸರಾದಲ್ಲಿ ತೊಯ್ದು ಮುದ್ದೆಯಾದ ಸೀರೆಯ ಥಾನುಗಳು, ಎಲ್ಲ ನೋಡಿದ್ದೇನೆ. ಒಳಗೆ ಒಂದು ಸುತ್ತು ಹಾಕಿ, ಹೊರಗೆ ಚಹಾದಂಗಡಿಯಲ್ಲಿ ಕೂತು, ಕಂಡದ್ದನ್ನೆಲ್ಲ ಬಾಯಿಯಿಂದಲೇ ಗುಮಾಸ್ತನಿಗೆ ಬರೆಸುತ್ತಿದ್ದೆ. ಕೈಯಲ್ಲಿ ಚೀಟಿ ಹಿಡಿಯುತ್ತಿರಲಿಲ್ಲ. ‘ಸಾಹೇಬರ ತಲೆಯೇ ರಿಜಿಸ್ಟರು’ ಎಂದು ಆ ಗುಮಾಸ್ತ ಒಮ್ಮೆ ಅಂದಿದ್ದ. ಆ ಮಾತನ್ನು ವತ್ಸಲಾಗೆ ನಾನು ಎಷ್ಟು ಸಲ ಹೇಳಿದ್ದೇನೆಂಬ ಲೆಕ್ಕ ಅವಳ ಹತ್ತಿರ ಇದೆ.

ಇಂಥ ತಲೆ ನಿವೃತ್ತವಾದ ಮೇಲೆ ಏನು ಮಾಡಬೇಕು? ಅಡುಗೆಮನೆ ಪರಿಶೀಲನೆಗೆ ಇಳಿಯಿತು. ‘ಎಣ್ಣೆಯ ಡಬ್ಬಿ ಒಲೆಗೆ ಇಷ್ಟು ಹತ್ತಿರ ಇಡಬಾರದು’, ‘ಈ ಗ್ಯಾಸಿನ ನಳಿಗೆ ಎಷ್ಟು ವರ್ಷ ಆಯಿತು’, ‘ಬಟ್ಟೆಯಿಂದ ಪಾತ್ರೆ ಹಿಡಿಯುವುದು ಅಪಾಯ’ ಎಂದೆಲ್ಲ ದಿನವಿಡೀ ಅವಳ ಬೆನ್ನ ಹಿಂದೆ ನಿಂತು ಹೇಳುತ್ತಿದ್ದೆ. ಮೊದಲ ತಿಂಗಳು ಅವಳು ಹೂಂಗುಟ್ಟಿದಳು. ಎರಡನೆಯ ತಿಂಗಳು ನನ್ನ ಕೈಗೆ ಚೀಲ ಕೊಟ್ಟಳು.

"ನೀವ ದಿನಾ ಬಜಾರಕ್ಕ ಹೋಗಿ ಬರ್ರಿ. ಕಾಲಿಗೂ ಛೋಲೋ, ಕಣ್ಣಿಗೂ ಛೋಲೋ," ಎಂದಳು.

ಚೀಟಿ ಬರೆಯಲು ಹೋದವಳನ್ನು ನಾನೇ ತಡೆದೆ. ರಿಜಿಸ್ಟರಿಗೆ ಚೀಟಿ ಏತಕ್ಕೆ? ಹೀಗಾಗಿ ದಿನಾ ಬೆಳಿಗ್ಗೆ ಹತ್ತಕ್ಕೆ ನಾನು ಬಾಗಿಲಲ್ಲಿ ಚಪ್ಪಲಿ ಮೆಟ್ಟುವುದು, ಅವಳು ಹೊಸ್ತಿಲಲ್ಲಿ ನಿಂತು ಸಾಮಾನು ಹೇಳುವುದು, ನಾನು ತಲೆಯಾಡಿಸಿ ಸ್ಕೂಟರ್ ಏರುವುದು ರೂಢಿಯಾಯಿತು. ಹೋಗಿ ಬಂದ ಮೇಲೆ ಅವಳು ಚೀಲ ಸುರಿದು ನೋಡುವಳು. ವಾರದಲ್ಲಿ ಮೂರು ದಿನವಾದರೂ ಒಂದು ಸಾಮಾನು ಇರುತ್ತಿರಲಿಲ್ಲ.

"ಸೂಜಿ ಎಲ್ಲ್ಯದರಿ?"

"ಸೂಜಿ ಹೇಳಿದ್ದೆಯಾ?"

"ಹುಣಸಿಹಣ್ಣಿನ ಮುಂದ, ಬೆಲ್ಲದ ಹಿಂದ ಹೇಳೀನಿ."

ಹೇಳಿದ್ದು ಹೌದು. ಅವಳು ಅಂದ ಕೂಡಲೇ ಕಿವಿಯಲ್ಲಿ ಆ ಸೂಜಿ ಟಣ್ಣೆಂದು ಬೀಳುತ್ತಿತ್ತು. ಮತ್ತೆ ಚಪ್ಪಲಿ, ಮತ್ತೆ ಸ್ಕೂಟರ್, ಮತ್ತೆ ಬಜಾರು. ಹೋಗಿ ಬರಲು ಅರ್ಧ ತಾಸು.

ಮರೆವು ನನಗೆ ಹೊಸದಲ್ಲ, ಅದು ನಿಜ. ಸಣ್ಣವನಿದ್ದಾಗ ನಮ್ಮವ್ವ ಅಂಗಡಿಗೆ ಕಳಿಸುವಾಗ ಅಂಗಿಯ ತುದಿಗೆ ಗಂಟು ಹಾಕುತ್ತಿದ್ದಳು. ಒಂದು ಗಂಟಿಗೆ ಒಂದು ಸಾಮಾನು. ನಾನು ಅಂಗಡಿಯ ಕಟ್ಟೆಯ ಮೇಲೆ ನಿಂತು ಗಂಟುಗಳನ್ನೆಲ್ಲ ಮುಟ್ಟಿ ನೋಡಿ, ನಾಲ್ಕು ಸಾಮಾನು ಬೇಕು ಎಂಬುದನ್ನು ಖಂಡಿತವಾಗಿ ಹೇಳುತ್ತಿದ್ದೆ. ಯಾವ ನಾಲ್ಕು ಎಂಬುದು ಅಂಗಡಿಯವನ ಜವಾಬ್ದಾರಿ. ಅವನು ನಮ್ಮ ಮನೆಯ ಅಡುಗೆ ಬಲ್ಲವನಾದ್ದರಿಂದ ಹೇಗೋ ನಡೆಯಿತು.

ಸಾಲೆಯಲ್ಲಿ ಒಮ್ಮೆ ಮಾಸ್ತರರು ‘ಹತ್ತು ಹೂವಿನ ಹೆಸರು ಹೇಳು’ ಎಂದು ಎಬ್ಬಿಸಿ ನಿಲ್ಲಿಸಿದರು. ನಾನು ಮಲ್ಲಿಗೆ, ದಾಸವಾಳ, ನಾಯಿ, ಕಣಗಿಲೆ, ಪೇರಲ, ಮುದುಕಿ ಎಂದು ಶುರುಮಾಡಿದೆ. ತರಗತಿ ಬಿದ್ದು ಬಿದ್ದು ನಕ್ಕಿತು, ನನಗೆ ಛಡಿ ಬಿತ್ತು. ನನ್ನ ತಪ್ಪೇನೂ ಇರಲಿಲ್ಲ. ಬೆಳಿಗ್ಗೆ ಎದ್ದು ಅವ್ವನ ಪೂಜೆಗೆ ಯಾರ ಯಾರ ಕಂಪೌಂಡಿನಿಂದ ಹೂವು ಕದಿಯುತ್ತಿದ್ದೆನೋ ಆ ದಾರಿ ಹಿಡಿದು ನೆನಪು ಮಾಡಿಕೊಳ್ಳುತ್ತಿದ್ದೆ. ದಾಸವಾಳದ ಮನೆಯಲ್ಲಿ ನಾಯಿ ಇತ್ತು. ಕಣಗಿಲೆಯ ಮನೆಯಲ್ಲಿ ಪೇರಲ ಗಿಡವೂ, ಅದನ್ನು ಕಾಯುವ ಮುದುಕಿಯೂ ಇದ್ದರು.

ಒಟ್ಟಿನಲ್ಲಿ ಯಾವುದು ಯಾವುದರ ಜೊತೆ ಎಂಬುದು ಊರಿಗೊಂದು ಥರ, ತಲೆಗೊಂದು ಥರ. ಗುಜರಾತಿಗೆ ಬಂದ ಹೊಸತರಲ್ಲಿ ತರಕಾರಿಯ ಜಶೀಬೆನ್ ಬಳಿ ಕರಿಬೇವು ಮಾತ್ರ ಕೇಳಿದ್ದೆ. ಅವಳು ‘ಮಸಾಲೋ?’ ಎಂದು ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ, ಕರಿಬೇವು ಎಲ್ಲವನ್ನೂ ಒಂದೇ ಹಿಡಿಯಲ್ಲಿ ಎತ್ತಿ ಚೀಲಕ್ಕೆ ಹಾಕಿದಳು. ನನಗೆ ಕರಿಬೇವೊಂದೇ ಸಾಕು ಎಂದರೆ, ಇಂಥ ಮನುಷ್ಯನನ್ನು ಕಂಡೇ ಇಲ್ಲವೆಂಬಂತೆ ನೋಡಿದಳು. ಅವಳ ತಲೆಯಲ್ಲಿ ಆ ನಾಲ್ಕೂ ಒಂದೇ ಮನೆಯವು, ಬೇರೆ ಮಾಡುವುದು ಅನ್ಯಾಯ.

ಇಷ್ಟೆಲ್ಲ ನಗುತ್ತ ಹೇಳುತ್ತಿದ್ದೇನೆ. ಆದರೆ ಸೂಜಿಯ ಐದನೆಯ ಪೊಟ್ಟಣದ ಹೊತ್ತಿಗೆ ನನಗೆ ನಗು ಬರುತ್ತಿರಲಿಲ್ಲ. ನಮ್ಮ ದೊಡ್ಡಪ್ಪ ಕೊನೆಗಾಲದಲ್ಲಿ ದೊಡ್ಡಮ್ಮನನ್ನು ‘ನೀವು ಯಾರ ಪೈಕಿ?’ ಎಂದು ಬಹಳ ಮರ್ಯಾದೆಯಿಂದ ಕೇಳಿದ್ದರು. ದೊಡ್ಡಮ್ಮ ಪಡಸಾಲೆಯ ಕಂಬ ಹಿಡಿದುಕೊಂಡು ನಿಂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವರಿಗೂ ಮೊದಮೊದಲು ಮರೆತುಹೋದದ್ದು ಸಣ್ಣ ಪುಟ್ಟ ಸಾಮಾನುಗಳೇ: ಕನ್ನಡಕ, ಕೊಡೆ, ಅಡಕೆಯ ಚೀಲ. ನನಗೂ ಅದೇ ಶುರುವಾಯಿತೇನೋ ಎಂಬ ಹೆದರಿಕೆ ಒಳಗೆ ಹೊಕ್ಕಿತು. ವತ್ಸಲಾಗೆ ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸುತ್ತಿತ್ತು.

ನನ್ನಷ್ಟಕ್ಕೆ ನಾನೇ ಒಂದು ಪರೀಕ್ಷೆ ಇಟ್ಟುಕೊಂಡೆ. ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯ ಮುಂದೆ ಅಹಮದಾಬಾದಿನಿಂದ ಸೂರತ್ತಿನ ತನಕ ಸ್ಟೇಶನ್ನುಗಳನ್ನು ಹೇಳುವುದು. ಮಹೇಮದಾವಾದ್, ನಡಿಯಾದ್, ಆಣಂದ್, ವಡೋದರಾ, ಮಿಯಾಗಾಮ್, ಭರೂಚ್, ಅಂಕಲೇಶ್ವರ, ಕೋಸಂಬಾ, ಸೂರತ್. ವರ್ಷಗಟ್ಟಲೆ ಓಡಾಡಿದ ದಾರಿ. ಒಂದು ದಿನ ಅಂಕಲೇಶ್ವರದಿಂದ ನೇರ ಸೂರತ್ತಿಗೆ ಬಂದುಬಿಟ್ಟೆ. ಕೋಸಂಬಾ ಇಲ್ಲ. ಅರ್ಧ ಗಡ್ಡಕ್ಕೆ ನೊರೆ ಹಚ್ಚಿಕೊಂಡು ಹಾಗೇ ನಿಂತೆ. ಕೋಸಂಬಾ ಮಧ್ಯಾಹ್ನ ಊಟಕ್ಕೆ ಕೂತಾಗ ತಾನಾಗಿ ಬಂತು, ಇನ್ನೊಮ್ಮೆ ಅನ್ನ ಬಡಿಸಿಕೊಂಡೆ.

ಆ ವಾರವೇ ಅನಘಾ ಬಂದಳು. ನಮ್ಮ ಸೊಸೈಟಿಯ ಮೂರನೆಯ ಮಹಡಿಯ ಹುಬ್ಬಳ್ಳಿ ಕಡೆಯವರ ಮಗಳು. ಹುಟ್ಟಿ ಬೆಳೆದದ್ದು ವಡೋದರಾದಲ್ಲೇ, ಮನಶ್ಶಾಸ್ತ್ರ ಓದುತ್ತಿದ್ದಾಳೆ. ಕನ್ನಡ ಬರುತ್ತದೆ, ಆದರೆ ದಾರಿಯಲ್ಲಿ ಸಿಕ್ಕ ಭಾಷೆಯನ್ನೆಲ್ಲ ಹತ್ತಿಸಿಕೊಂಡು ಬರುತ್ತದೆ.

"ಕಾಕಾ, ನಂದು ಪ್ರಾಜೆಕ್ಟ್ ಅದ. ನಾ ವರ್ಡ್ಸ್ ಓದ್ತೀನಿ, ನೀವು ಎಷ್ಟು ನೆನಪದ ಅಷ್ಟು ಹೇಳ್ರಿ. ಆರ್ಡರ್ ಏನಾದ್ರೂ ಚಾಲಶೆ, ನಡೀತದ."

ಜನ ನೆನಪಿನಿಂದ ಹೇಳುವಾಗ ಒಂದೇ ಜಾತಿಯ ಪದಗಳನ್ನು ಹೇಗೆ ಒಟ್ಟಿಗೆ ಗುಂಪು ಮಾಡುತ್ತಾರೆ ಎಂದು ಅಳೆಯುವುದಂತೆ. ಪಟ್ಟಿಯನ್ನು ಕಲಸಿ ಓದುತ್ತಾರೆ, ಹೇಳುವವನು ತನಗೆ ಗೊತ್ತಿಲ್ಲದೆಯೇ ವಿಂಗಡಿಸಿ ಹೇಳುತ್ತಾನೆ. ಒಂದೇ ಜಾತಿಯ ಎರಡು ಪದ ಬೆನ್ನಿಗೆ ಬೆನ್ನು ಬಂದರೆ ಒಂದು ಅಂಕ. ಒಳಗೊಳಗೇ ಹೆದರಿದ್ದರೂ ನಾನು ಕಾಲು ಮೇಲೆ ಕಾಲು ಹಾಕಿ ಕೂತೆ. ಬೇರೆಯವರಿಗೆ ಅದು ಪ್ರಾಜೆಕ್ಟು, ನನಗೆ ತೀರ್ಪು.

ಪ್ರಾಣಿ, ತಿನಿಸು, ಬಟ್ಟೆ, ಮನೆಯ ಸಾಮಾನು ಒಂದೊಂದರಲ್ಲಿ ನಾಲ್ಕರಂತೆ ಕಲಸಿ ಹದಿನಾರು ಪದ ಓದಿದಳು. ಮೊದಲು ವತ್ಸಲಾ ಹೇಳಿದಳು. ಎಮ್ಮೆ, ತುಪ್ಪ, ಕಂಬಳಿ, ಉಪ್ಪಿನಕಾಯಿ ಮುಂತಾಗಿ ತವರುಮನೆಯ ಸಾಮಾನೆಲ್ಲ ಮೊದಲು ಬಂದವು, ಅತ್ತೆಮನೆಯ ಕಪಾಟು, ಗಡಿಯಾರ ಆಮೇಲೆ. ಕೊನೆಗೆ ನನ್ನತ್ತ ತಿರುಗಿ ಕತ್ತೆ ಎಂದು ಮುಗಿಸಿದಳು.

ನನ್ನ ಸರದಿ ಬಂತು. ಕಣ್ಣು ಮುಚ್ಚಿ ಶುರುಮಾಡಿದೆ: ತುಪ್ಪ, ಕಂಬಳಿ, ಕುರ್ಚಿ, ಸೀರೆ, ಕಪಾಟು, ಧೋತರ. ತುಸು ತಡೆದು: ಸಕ್ಕರೆ, ಗಡಿಯಾರ, ಉಪ್ಪು. ಮತ್ತೆ ತಡೆದು: ಕನ್ನಡಿ, ಉಪ್ಪಿನಕಾಯಿ. ಅಷ್ಟೇ.

ಅನಘಾ ಕಾಗದ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕಾಗದ ನೋಡಿದಳು.

"ಕಾಕಾ, ಹನ್ನೊಂದು ನೆನಪದ. ಆದ್ರ ಗ್ರೂಪಿಂಗ್ ಝೀರೋ. ನನಗ ಇನ್ನೂ ಯಾರದೂ ಝೀರೋ ಬಂದಿಲ್ಲ."

ಮೇಲಿದ್ದ ಕಾಲನ್ನು ಕೆಳಗಿಳಿಸಿದೆ. ಝೀರೋ ಅಂದರೆ ಏನು, ತಲೆಯ ಒಳಗೆ ಎಲ್ಲ ಚೆಲ್ಲಾಪಿಲ್ಲಿಯಾಗಿದೆ ಎಂದೇ ಅಲ್ಲವೇ? "ಯಾಕಮ್ಮಾ, ನಾನು ಸರಿಯಾಗಿಯೇ ವಿಂಗಡಿಸಿದೆನಲ್ಲ. ಮೊದಲು ಸುಡುವಂಥವು. ಆಮೇಲೆ ನೀರಿಗೆ ಕೆಡುವಂಥವು. ಕೊನೆಗೆ ಒಡೆಯುವಂಥವು. ಉಪ್ಪಿನಕಾಯಿ ಭರಣಿಯಲ್ಲಿ ತಾನೆ ಇರುವುದು?" ಎಂದೆ.

ಅವಳು ಪೆನ್ನು ಕೆಳಗಿಟ್ಟಳು. "ಮತ್ತ ಅನಿಮಲ್ಸ್? ಎಮ್ಮಿ, ಗಿಳಿ, ಮೊಲ, ಕತ್ತಿ, ನಾಲ್ಕೂ ಬಿಟ್ಟೀರಿ."

"ದನಕರುಗಳ ವಿಮೆ ಬೇರೆ ವಿಭಾಗ. ಅದು ನನ್ನ ಟೇಬಲ್ಲಿಗೆ ಬರುತ್ತಿರಲಿಲ್ಲ."

ಇನ್ನು ಉಳಿದದ್ದು ಟೊಪ್ಪಿಗೆ. ಬೋಳುತಲೆಯವನು ಅದನ್ನು ಮರೆತದ್ದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಆದರೆ ಅನಘಾ ಕುಣಿಯುವುದೊಂದು ಬಾಕಿ. ನನ್ನ ಲೆಕ್ಕದಲ್ಲಿ ಗುಂಪು ಹಾಕಿ ನೋಡಿದರೆ ನನ್ನದೇ ಎಲ್ಲರಿಗಿಂತ ಹೆಚ್ಚಿನ ಅಂಕವಂತೆ. ಹಾಗಾದರೆ ಬಜಾರಿನಲ್ಲಿ ಮರೆಯುವುದೇಕೆ? ಅದನ್ನು ಕೇಳಿಯೇಬಿಟ್ಟೆ, ವತ್ಸಲಾ ಒಳಗೆ ಹೋದದ್ದು ನೋಡಿಕೊಂಡು. ಅವಳು ಹೊಸ್ತಿಲಲ್ಲಿ ನಿಂತು ಬಡಬಡ ಹೇಳುವುದೇ ಕಾರಣವಿರಬೇಕೆಂಬ ಚಾಡಿಯನ್ನೂ ಸೇರಿಸಿದೆ.

"ಹಂಗಾದ್ರ ರೆಕಾರ್ಡ್ ಮಾಡ್ರಿ ಕಾಕಾ," ಎಂದಳು.

ಮೂರು ವಾರ ನಾನು ಫೋನನ್ನು ಅಂಗಿಯ ಜೇಬಿನಲ್ಲಿ ಚಾಲೂ ಇಟ್ಟುಕೊಂಡು ಹೊಸ್ತಿಲಲ್ಲಿ ನಿಂತೆ. ಹೆಂಡತಿಯ ಮಾತನ್ನು ಕದ್ದು ಹಿಡಿಯುವ ಗಂಡ ಎಂದು ನೀವು ಬಯ್ಯಬಹುದು. ನಾನೂ ಬೈದುಕೊಂಡೆ. ಏನೇನು ತಂದೆ, ಏನು ಬಿಟ್ಟೆ ಎಂಬುದನ್ನು ಅನಘಾಗೆ ದಿನಾ ಒಪ್ಪಿಸುತ್ತಿದ್ದೆ. ಆ ಮೂರು ವಾರದಲ್ಲಿ ಹನ್ನೊಂದನೆಯ ಪೊಟ್ಟಣವೂ ಬಂದು ಕಪಾಟು ಸೇರಿತು.

ಶನಿವಾರ ಸಂಜೆ ಅನಘಾ ಕಾಗದಗಳ ಕಟ್ಟು ಹಿಡಿದು ಬಂದಳು. ವತ್ಸಲಾ ಚಹಾ ತಂದಿಟ್ಟು ಕೂತಳು. ನನ್ನ ಗುಟ್ಟು ರಟ್ಟಾಗುತ್ತದೆಂದು ನಾನು ಕಣ್ಸನ್ನೆ ಮಾಡಿದೆ. ಆ ಹುಡುಗಿಗೆ ಕಣ್ಸನ್ನೆಯೂ ಕನ್ನಡದಷ್ಟೇ ಬರುತ್ತದೆ.

"ಕಾಕು, ನೀವು ಈ ಸಬ್ಜೆಕ್ಟ್ ಓದೀರೇನು?" ಎಂದು ನೇರ ವತ್ಸಲಾಳನ್ನೇ ಕೇಳಿದಳು. "ಮಂಗಳವಾರ, ಗುರುವಾರ, ಶನಿವಾರ ನಿಮ್ಮ ಲಿಸ್ಟ್ ಏಕ್ದಮ್ ಈಸಿ. ಬ್ಯಾಳಿ, ಅಕ್ಕಿ, ರವಾ ಎಲ್ಲಾ ಜೋಡಿ. ಕಾಕಾ ಏನೂ ಮರ್ಯಂಗಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ನಟ್ಟನಡುವ ಒಂದು ಐಟಮ್ ಬರ್ತದ, ಅದಕ್ಕ ಯಾರೂ ಜೋಡಿ ಇಲ್ಲ. ಅದು ಸುಡಂಗಿಲ್ಲ, ಒಡ್ಯಂಗಿಲ್ಲ, ಅಡಿಗಿಗೂ ಬೇಡ. ಪ್ರತೀ ಸಲಾ ಕಾಕಾ ಅದನ್ನೇ ಬಿಟ್ಟಾರ. ಬಹುತೇಕ ಸೂಜಿ."

ನಾನು ವತ್ಸಲಾಳ ಕಡೆ ನೋಡಿದೆ. ಅವಳು ಕಪ್ಪಿನಿಂದ ಬಸಿಗೆ ಸುರಿದುಕೊಂಡ ಚಹಾ ನೋಡುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಸಿಕ್ಕಿಬಿದ್ದದ್ದು ಅದೇ ಮೊದಲು. ಸೂಜಿಗೆ ಒದ್ದೆಯಾದರೆ ತುಕ್ಕು ಹಿಡಿದೀತು ಎನ್ನಿ. ಆದರೆ ನನ್ನ ಇಡೀ ಸರ್ವೀಸಿನಲ್ಲಿ ಒಬ್ಬನೇ ಒಬ್ಬ ಸೂಜಿಗೆ ಪರಿಹಾರ ಕೇಳಿ ಬಂದಿರಲಿಲ್ಲ. ನನ್ನ ತಲೆಯ ಯಾವ ಖಾನೆಯಲ್ಲಿ ಏನು ಹಿಡಿಯುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು.

"ಬೇಕಂತ ಮಾಡಿದೆಯಾ?" ಎಂದೆ.

"ಹೌದ್ರಿ," ಎಂದಳು. "ದಿನಾ ಮಾಡಿದ್ರ ನಿಮಗ ಸಂಶೆ ಬರ್ತದಂತ ಮೂರ ದಿನಾ ಇಟ್ಟಿದ್ದೆ."

"ಯಾಕೆ?"

"ನೀವು ಎರಡನೇ ಸಲ ಹೋಗಿ ಬರೂದಕ್ಕ ಅರ್ಧ ತಾಸು ಹಿಡೀತದ. ಮೊದಲನೇ ಸಲ ಹೋದಾಗ ಮನೀ ಕೆಲಸ ಆಗ್ತದ. ಎರಡನೇ ಸಲ ಹೋದಾಗ ನಾ ಏನೂ ಮಾಡಂಗಿಲ್ಲ. ಬಾಲ್ಕನಿಯೊಳಗ ನಿಮ್ಮ ಕುರ್ಚಿ ಮ್ಯಾಲೆ ಕೂತು ಬಿಸಿ ಚಹಾ ಕುಡೀತೀನಿ. ಎಣ್ಣೀ ಡಬ್ಬಿ ಎಲ್ಲಿಟ್ಟಿ ಅಂತ ಯಾರೂ ಕೇಳಂಗಿಲ್ಲ."

ಅನಘಾ ಇದನ್ನು ಬರೆದುಕೊಳ್ಳಬೇಕೋ ಬೇಡವೋ ಎಂದು ಪೆನ್ನು ಹಿಡಿದು ಕೂತಿದ್ದಳು. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆಯೇ. ಎದೆಯ ಮೇಲಿನ ದೊಡ್ಡ ಮೂಟೆಯೊಂದು ಜಾರಿ ಕೆಳಗೆ ಬಿತ್ತು. ನಾನು ನಗಲು ಹೋಗಿ ಕಣ್ಣು ಒರೆಸಿಕೊಂಡೆ. ದೊಡ್ಡಪ್ಪನ ವಿಷಯ, ಸ್ಟೇಶನ್ನುಗಳ ವಿಷಯ, ಕೋಸಂಬಾ ಕಾಣೆಯಾದ ವಿಷಯ ಎಲ್ಲ ಹೊರಗೆ ಬಂದುಬಿಟ್ಟಿತು.

ವತ್ಸಲಾ ಬಸಿಯನ್ನು ಕೆಳಗಿಟ್ಟಳು. "ನೀವು ಹಂಗ ಅಂಜಿದ್ದು ನನಗ ಗೊತ್ತಾಗಲೇ ಇಲ್ಲಲ್ರಿ," ಎಂದಳು. ಆಮೇಲೆ ಉಳಿದ ಚಹಾ ಕುಡಿಯದೆ ಬಸಿ ಎತ್ತಿಕೊಂಡು ಒಳಗೆ ಹೋದಳು. ನನ್ನ ತಲೆ ಗಟ್ಟಿಯಾಗಿದೆ ಎಂಬ ಖುಷಿಯಲ್ಲಿ ನಾನು ಅದನ್ನು ಗಮನಿಸಲೂ ಇಲ್ಲ.

ಸೋಮವಾರ ಬೆಳಿಗ್ಗೆ ಅವಳು ಹೊಸ್ತಿಲಲ್ಲಿ ನಿಂತು ಸಾಮಾನು ಹೇಳಲಿಲ್ಲ. ಕೈಗೆ ಒಂದು ಚೀಟಿ ಕೊಟ್ಟಳು. ನೀಟಾಗಿ ಮೂರು ಸಾಲು ಮಾಡಿದ್ದಳು: ‘ಸುಡೂವು’ ಎಂದು ಬರೆದು ಎಣ್ಣೆ, ತುಪ್ಪ, ಕರ್ಪೂರ; ‘ನೀರಿಗೆ ಕೆಡೂವು’ ಎಂದು ಬರೆದು ಬೆಲ್ಲ, ಹಪ್ಪಳ; ‘ಒಡಿಯೂವು’ ಎಂದು ಬರೆದು ತೆಂಗಿನಕಾಯಿ. ಸೂಜಿ ಇರಲಿಲ್ಲ. ಮೊದಲ ಸಲ ಚೀಟಿ ಹಿಡಿದು ಬಜಾರಿಗೆ ಹೋದೆ. ಒಂದನ್ನೂ ಬಿಡದೆ ಬೇಗ ತಿರುಗಿ ಬಂದು, ನನ್ನ ಕೀಲಿಯಿಂದ ಬಾಗಿಲು ತೆಗೆದೆ.

ಅವಳು ಬಾಲ್ಕನಿಯ ಕುರ್ಚಿಯಲ್ಲಿ ಆಗಷ್ಟೇ ಕೂತಿದ್ದಳು. ಕೀಲಿಯ ಸದ್ದಿಗೆ ದಡಕ್ಕನೆ ಎದ್ದು, "ಬಂದ್ರ್ಯಾ? ಎಲ್ಲಾ ಬಂತೇನು?" ಎನ್ನುತ್ತ ಚೀಲ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಚಹಾದ ಲೋಟ ಅಲ್ಲೇ ಕಟ್ಟೆಯ ಮೇಲೆ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಕೆನೆ ಕಟ್ಟಿತ್ತು. ಸುಟ್ಟದ್ದು, ತೊಯ್ದದ್ದು, ಒಡೆದದ್ದು ಎಲ್ಲವನ್ನೂ ಪಟ್ಟಿ ಮಾಡುತ್ತ ಜೀವಮಾನ ಕಳೆದವನು ನಾನು. ಆ ಲೋಟವನ್ನು ಯಾವ ಪಟ್ಟಿಗೆ ಸೇರಿಸುವುದೆಂದು ತಿಳಿಯಲಿಲ್ಲ. ನನಗೆ ನನ್ನ ಮೇಲೇ ನಾಚಿಕೆಯಾಯಿತು.

ಬುಧವಾರವೂ ಚೀಟಿ ಕೊಟ್ಟಳು. ಚೀಟಿಯಲ್ಲಿದ್ದದ್ದನ್ನೆಲ್ಲ ತಂದು ಅವಳ ಮುಂದೆ ಇಟ್ಟೆ.

"ಎಲ್ಲ ಬಂತು. ಸೂಜಿಯೊಂದು ಮರೆತೆ," ಎಂದೆ.

ಅವಳು ಚೀಟಿ ತಿರುಗಿಸಿ ನೋಡಿದಳು. "ಸೂಜಿ ನಾ ಬರದೇ ಇಲ್ಲಲ್ರಿ."

"ಬರೆದಿಲ್ಲ. ಅದಕ್ಕೇ ಮರೆತದ್ದು."

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಲೆಯ ಕಡೆ ತಿರುಗಿ ಚಹಾಕ್ಕೆ ನೀರಿಟ್ಟಳು. "ಹಂಗಾರ ಹೋಗಿ ಬರ್ರಿ. ಸಾವಕಾಶ ಬರ್ರಿ, ಗಡಿಬಿಡಿ ಏನಿಲ್ಲ," ಎಂದಳು.

ಸೂಜಿಯ ಪೊಟ್ಟಣ ಆಗಲೇ ಸ್ಕೂಟರಿನ ಡಿಕ್ಕಿಯಲ್ಲಿತ್ತು. ನಾನು ಕೆಳಗಿಳಿದು ಸೊಸೈಟಿಯ ಗೇಟಿನ ಪಕ್ಕ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕೂತೆ. ಮಾಡಲು ಕೆಲಸವಿಲ್ಲದ್ದಕ್ಕೆ ಸ್ಟೇಶನ್ನುಗಳನ್ನು ಹೇಳಿಕೊಂಡೆ. ಕೋಸಂಬಾ ಇದ್ದಲ್ಲೇ ಇತ್ತು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದನ್ನು ಹಾದು ಬಂದೆ. ಅರ್ಧ ತಾಸು ತುಂಬಿದ ಮೇಲೆ ಡಿಕ್ಕಿ ತೆಗೆದು ಪೊಟ್ಟಣ ಹಿಡಿದು ಮೇಲೆ ಹೋದೆ. ಜೇಬಿನಲ್ಲಿ ಕೀಲಿ ಇದ್ದರೂ ಗಂಟೆ ಒತ್ತಿದೆ.

ವತ್ಸಲಾ ನಿಧಾನವಾಗಿ ಬಂದು ಬಾಗಿಲು ತೆಗೆದಳು. ಕೈಯಲ್ಲಿ ಖಾಲಿ ಲೋಟ. ಪೊಟ್ಟಣ ತೆಗೆದುಕೊಂಡು ಕಪಾಟಿನಲ್ಲಿ ಉಳಿದ ಹನ್ನೊಂದರ ಪಕ್ಕಕ್ಕೆ ಇಟ್ಟಳು.

"ಶುಕ್ರವಾರ ಬೂಟ್ ಪಾಲಿಶ್ ಮರೀರಿ," ಎಂದಳು. "ಸೂಜಿ ಸಾಕಿನ್ನ."